ಆಕಾಶದ ಆ ಗೆರೆಗಳನ್ನು ಉಜ್ಜಬೇಡಿ

ಮೊದಲು ಆ ರಬ್ಬರನ್ನು ಕೆಳಗಿಡಿ. ಡಚ್ ಕಲಾವಿದ ರೆಂಬ್ರಾಂಟ್‌ನ 1641ರ ಗಾಳಿಗಿರಣಿ ಎಚ್ಚಿಂಗ್‌ನ (ಆಸಿಡ್‌ನಿಂದ ಕೊರೆದ ತಗಡಿನಿಂದ ಒತ್ತಿದ ಅಚ್ಚುಚಿತ್ರದ) ಹಳೆಯ ಮರುಮುದ್ರಣ ಸಿಕ್ಕಿದೆ, ಆಕಾಶದಲ್ಲಿ ಕೊಳೆ ಕೂತಿದೆ, ಹೇಗೆ ತೆಗೆಯಲಿ ಎಂದು ಕೇಳಿದ್ದೀರಿ. ಅದು ಕೊಳೆಯಲ್ಲ. ತಾಮ್ರದ ತಗಡಿಗೆ ಆಸಿಡ್ ತಾಗದಂತೆ ಬಳಿದ ಲೇಪ ಬಿರುಕು ಬಿಟ್ಟು, ಅಲ್ಲಿ ಆಸಿಡ್ ಇಳಿದು ಕೊರೆದ ಗೆರೆಗಳು. ನನ್ನ ಕಣ್ಣಿಗೆ ಆ ಬಯಲಿನ ಗಾಳಿಯ ತೇವವೆಲ್ಲ ಇರುವುದು ಅವುಗಳಲ್ಲೇ.

ಹನ್ನೆರಡು ವರ್ಷಗಳ ಹಿಂದೆ ಇದೇ ಚಿತ್ರವನ್ನು ನಾನು ಒಂದು ಸಂಜೆಯಿಡೀ ಉಜ್ಜಿದೆ. ಗೆರೆ ಹೋಗಲಿಲ್ಲ, ಕಾಗದದ ನಾರು ಎದ್ದಿತು. ಈಗಲೂ ಓರೆ ಬೆಳಕಿನಲ್ಲಿ ಆಕಾಶದ ನಡುವೆ ಜುಂಗು ಜುಂಗಾದ ಕಲೆ ಕಾಣುತ್ತದೆ. ಅದು ಸಾಲದೆಂದು ಚೌಕಟ್ಟಿನ ಅಂಗಡಿಯವರು ಅಂಚನ್ನು, ತಗಡು ಒತ್ತಿ ಕಾಗದದ ಮೇಲೆ ಮೂಡಿದ ಗುರುತಿನ ತನಕ, ಕತ್ತರಿಸಿದರು. ನಾನು ಪಕ್ಕದಲ್ಲೇ ನಿಂತಿದ್ದರೂ ತಡೆಯಲಿಲ್ಲ.

ಕೋಣೆ ಕತ್ತಲೆ ಮಾಡಿ, ಮೊಬೈಲ್ ಟಾರ್ಚನ್ನು ಕಾಗದದ ಮಟ್ಟಕ್ಕೆ ಮಲಗಿಸಿ ಹಿಡಿದು, ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ನೋಡಿ. ಶಾಯಿ ಉಬ್ಬಿ ನಿಂತಿದ್ದರೆ ತಗಡಿನಿಂದ ಬಂದ ಅಚ್ಚು. ಸಾಲು ಸಾಲು ಚುಕ್ಕಿಗಳಿದ್ದರೆ ಆಫ್‌ಸೆಟ್, ಅಂದರೆ ಪುಸ್ತಕಗಳಂತೆ ಯಂತ್ರದಲ್ಲಿ ಮುದ್ರಿಸಿದ್ದು. ತಗಡಿನ ಒತ್ತು ಇದೆ ಎಂದು ಮಾತ್ರ ಹಿಗ್ಗಬೇಡಿ. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಿಸ್‌ನ ಮುದ್ರಕ ಅಮಾಂ-ದುರಾಂ ಮಾಡಿದ ಪ್ರತಿಗಳಲ್ಲೂ ಅದು ಇದೆ. ಅವು ಕೂಡ ಚೆನ್ನಾಗಿಯೇ ಇವೆ, ಮೂಲದ ಬೆಲೆ ಮಾತ್ರ ಕೊಡಬೇಡಿ.

ಗಿರಣಿಯನ್ನೂ ನಿಧಾನವಾಗಿ ನೋಡಿ. ಅದು ಆಮ್‌ಸ್ಟರ್‌ಡ್ಯಾಮ್‌ನ ಕೋಟೆಗೋಡೆಯ ಮೇಲೆ ನಿಂತಿದ್ದ, ಚರ್ಮದ ಕೆಲಸದವರ ಗಿರಣಿ. ಚರ್ಮ ಮೆದುವಾಗಿಸಲು ಬಳಸುತ್ತಿದ್ದ ಮೀನೆಣ್ಣೆಯ ವಾಸನೆಗೆ ಜನ ಅದನ್ನು 'ಪುಟ್ಟ ನಾರುವ ಗಿರಣಿ' ಎಂದರು. ಚಿತ್ರ ಬರೆದವನು ಲೈಡನ್‌ನ ಗಿರಣಿಯವನ ಮಗ. ಒಂದೊಂದು ಮರದ ತೊಲೆಯೂ ಭಾರ ಹೊತ್ತಿರುವುದು ಕಾಣುತ್ತದೆ.

ಮೂಲ ಚಿತ್ರ ಸುಮಾರು 14.5 x 21 ಸೆಂ.ಮೀ. ಮಾತ್ರ. ಅದನ್ನು ಸೋಫಾ ಅಗಲಕ್ಕೆ ಹಿಗ್ಗಿಸಿ ಮುದ್ರಿಸುವವರಿಗೆ ಏನು ಹೇಳಲಿ! ಕೈಗೆಟಕುವ ಎತ್ತರದಲ್ಲಿ, ಬಿಸಿಲು ಬೀಳದ ಒಳಗೋಡೆಗೆ ತೂಗುಹಾಕಿ. ಮಳೆಗಾಲದಲ್ಲಿ ಹೊರಗೋಡೆ ಬೆವರುತ್ತದೆ. ಮೌಂಟ್ (ಚಿತ್ರದ ಹಿಂದಿನ ರಟ್ಟು) ಆಮ್ಲರಹಿತವಾಗಿರಲಿ, ಗಾಜು ಕಾಗದಕ್ಕೆ ತಾಗದಿರಲಿ. ಚಿತ್ರವನ್ನು ಮೌಂಟಿಗೆ ಅಂಟಿಸಲು ಫೆವಿಕಾಲ್ ಬೇಡ, ಅದು ಮರಕ್ಕೆ ಒಳ್ಳೆಯದು. ಸೆಲೋ ಟೇಪ್ ಅಂತೂ ಬೇಡವೇ ಬೇಡ. ಗೋಧಿ ಪಿಷ್ಟದ ಅಂಟು, ತೆಳು ಜಪಾನಿ ಕಾಗದ, ಮೇಲಂಚಿಗೆ ಎರಡೇ ಕಡೆ. ಅಂಟು ತೆಳುವಾಗಿರಲಿ, ಇಲ್ಲವಾದರೆ ಹುಳ ಬರುತ್ತದೆ.

ಅಂದಹಾಗೆ, ಇದು ಹಿಡಿಸಿದರೆ ರೆಂಬ್ರಾಂಟ್‌ನದೇ 1643ರ 'ಮೂರು ಮರಗಳು' ನೋಡಿ. ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂ ಜಾಲತಾಣದಲ್ಲಿ ದೊಡ್ಡ ಗಾತ್ರದಲ್ಲಿ ಉಚಿತವಾಗಿ ಸಿಗುತ್ತದೆ. ಪೊದೆಯ ಕತ್ತಲೆಯಲ್ಲಿ ಪ್ರೇಮಿಗಳಿಬ್ಬರು ಅಡಗಿದ್ದಾರೆ; ಹುಡುಕಿ.