ಡಯಾಲಿಸಿಸ್ ಯಂತ್ರ: ಬಿಸಿನೀರಿನಲ್ಲಿ ತೊಳೆದ ಮೇಲೂ ರಾಸಾಯನಿಕ ಏಕೆ?

ಪ್ರಶ್ನೆ: ನಮ್ಮ ತಂದೆಯವರಿಗೆ ವಾರಕ್ಕೆ ಮೂರು ಬಾರಿ ಡಯಾಲಿಸಿಸ್ ಆಗುತ್ತದೆ. ಯಂತ್ರ ‘ಹೀಟ್‌’ನಲ್ಲಿದೆ ಎಂದು ಒಮ್ಮೊಮ್ಮೆ ಮುಕ್ಕಾಲು ಗಂಟೆ ಕಾಯಿಸುತ್ತಾರೆ. ಕಳೆದ ವಾರ ಬ್ಲೀಚಿಂಗ್ ವಾಸನೆ ಬರುತ್ತಿತ್ತು. ಬಿಸಿನೀರಿನಲ್ಲಿ ತೊಳೆದ ಮೇಲೆ ರಾಸಾಯನಿಕ ಏಕೆ ಬೇಕು? ಅದು ರಕ್ತಕ್ಕೆ ಸೇರುವುದಿಲ್ಲವೇ? ಹಿಂದಿನ ರೋಗಿಯ ರಕ್ತ ಯಂತ್ರದಲ್ಲಿ ಉಳಿದಿರುತ್ತದೆಯೇ?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಹೆಚ್ಚಿನ ಮನೆಯವರನ್ನು ಕಾಡುವ ಭಯ ಅದೇ. ರಕ್ತ ಹರಿಯುವುದು ಆಯಾ ರೋಗಿಗೇ ಮೀಸಲಾದ ಟ್ಯೂಬ್ ಮತ್ತು ಡಯಲೈಜರ್‌ಗಳಲ್ಲಿ (ಡಯಲೈಜರ್ ಎಂದರೆ ರಕ್ತ ಶುದ್ಧಿಯಾಗುವ ಶೋಧಕ). ಯಂತ್ರದ ಒಳಗೆ ಓಡಾಡುವುದು ಡಯಾಲಿಸಿಸ್ ದ್ರವ ಮಾತ್ರ. ಎರಡರ ನಡುವೆ ಡಯಲೈಜರಿನ ತೆಳುವಾದ ಪೊರೆ ಇರುತ್ತದೆ. ಪೊರೆ ಹರಿದು ರಕ್ತ ದ್ರವದ ಕಡೆಗೆ ಸೋರಿದರೆ, ಸೋಂಕು ನಿವಾರಿಸದೆ ಆ ಯಂತ್ರವನ್ನು ಮುಂದಿನವರಿಗೆ ಬಳಸಕೂಡದು.

ಆ ದ್ರವ ನಿಮಿಷಕ್ಕೆ ಸಾಮಾನ್ಯವಾಗಿ 500 ಮಿಲಿಲೀಟರ್‌ನಂತೆ, ನಾಲ್ಕು ಗಂಟೆಗಳಲ್ಲಿ 120 ಲೀಟರಿನಷ್ಟು ಹರಿಯುತ್ತದೆ. ಅದರಲ್ಲಿ ಬೈಕಾರ್ಬೊನೇಟ್, ಕ್ಯಾಲ್ಸಿಯಂ, ಗ್ಲೂಕೋಸ್ ಇರುವುದರಿಂದ ನಿಂತ ಕಡೆ ಬ್ಯಾಕ್ಟೀರಿಯಾ ಬೆಳೆಯುತ್ತವೆ, ಮತ್ತು ನೀರು ಕಾಯಿಸುವ ಹಂಡೆಯ ತಳದಲ್ಲಿ ಕಟ್ಟುವಂಥದೇ ಬಿಳಿಯ ಸುಣ್ಣದ ಪದರ ಕೊಳವೆಗಳ ಒಳಮೈಗೂ ಕಟ್ಟುತ್ತದೆ. 80 ಡಿಗ್ರಿ ಸೆಲ್ಸಿಯಸ್ ದಾಟಿದ ನೀರನ್ನು ಯಂತ್ರದೊಳಗೆ ಸುತ್ತಿಸಿದಾಗ ಬ್ಯಾಕ್ಟೀರಿಯಾ ಸಾಯುತ್ತವೆ, ಹಿಂದೆ ಯಾವ ರಾಸಾಯನಿಕವೂ ಉಳಿಯುವುದಿಲ್ಲ. ಬಿಸಿನೀರಿನ ದೊಡ್ಡ ಗುಣ ಇದು. ಆದರೆ ಶಾಖಕ್ಕೆ ಸುಣ್ಣ ಕರಗುವುದಿಲ್ಲ, ಬ್ಯಾಕ್ಟೀರಿಯಾ ಕಟ್ಟಿ ಕೊಳವೆಗೆ ಅಂಟಿಕೊಂಡ ಲೋಳೆಯೂ ಪೂರ್ತಿ ಕಿತ್ತುಬರುವುದಿಲ್ಲ. ಅಷ್ಟೇ ಅಲ್ಲ, ಸತ್ತ ಬ್ಯಾಕ್ಟೀರಿಯಾದ ಕೋಶಭಿತ್ತಿಯ ಚೂರುಗಳು, ಅಂದರೆ ಎಂಡೋಟಾಕ್ಸಿನ್, ಈ ಶಾಖದಲ್ಲಿ ನಾಶವಾಗುವುದಿಲ್ಲ. ಡಯಾಲಿಸಿಸ್ ನಡುವೆ ಚಳಿಜ್ವರ, ನಡುಕ ಬರುವುದಕ್ಕೆ ಇದೂ ಒಂದು ಕಾರಣವಾಗಬಹುದು. ಆದ್ದರಿಂದ ಬ್ಯಾಕ್ಟೀರಿಯಾ ಬೆಳೆದ ಮೇಲೆ ಕೊಲ್ಲುವುದಕ್ಕಿಂತ ಬೆಳೆಯಲು ಬಿಡದಿರುವುದೇ ಮುಖ್ಯ. ನೀವು ಕಾಯುವ ಆ ಮುಕ್ಕಾಲು ಗಂಟೆ ವ್ಯರ್ಥವಲ್ಲ. ದಯವಿಟ್ಟು ಆಗ ಸಿಬ್ಬಂದಿಯನ್ನು ಅವಸರಪಡಿಸಬೇಡಿ.

ಶಾಖಕ್ಕೆ ಆಗದ ಕೆಲಸಕ್ಕೆ ರಾಸಾಯನಿಕ ಬೇಕು. ಸುಣ್ಣಕ್ಕೆ ಸಿಟ್ರಿಕ್ ಆಮ್ಲ, ಅದನ್ನು ಬಿಸಿನೀರಿನ ಜೊತೆಗೇ ಹರಿಸುವುದುಂಟು. ಪ್ರೋಟೀನ್, ಕೊಬ್ಬು ಮತ್ತು ಲೋಳೆಗೆ ಬ್ಲೀಚ್, ಅಂದರೆ ಸೋಡಿಯಂ ಹೈಪೋಕ್ಲೋರೈಟ್. ಬ್ಲೀಚ್ ಮತ್ತು ಆಮ್ಲ ಎಂದಿಗೂ ಬೆರೆಯಬಾರದು, ಬೆರೆತರೆ ಕ್ಲೋರಿನ್ ಅನಿಲ ಹೊರಡುತ್ತದೆ. ಅದಕ್ಕಾಗಿ ನಡುವೆ ಚೆನ್ನಾಗಿ ತೊಳೆಯುತ್ತಾರೆ. ಯಾವುದನ್ನು ಎಷ್ಟು ದಿನಕ್ಕೊಮ್ಮೆ ಬಳಸಬೇಕೆಂಬುದು ಆಯಾ ಯಂತ್ರದ ತಯಾರಕರ ಸೂಚನೆಯಂತೆ ನಡೆಯಬೇಕು.

ಇನ್ನು ರಕ್ತಕ್ಕೆ ಸೇರುವ ಮಾತು. ಬ್ಲೀಚ್ ಉಳಿದಿದ್ದರೆ ಅದು ಪೊರೆ ದಾಟಿ ರಕ್ತಕಣಗಳನ್ನು ಒಡೆಯಬಲ್ಲದು. ನಿಮ್ಮ ಆತಂಕ ಸರಿಯಾದುದೇ. ತೊಳೆದಾಯಿತು ಎಂದು ಯಂತ್ರದ ಪರದೆ ಹೇಳಿದರೂ, ಹೊರಬರುವ ನೀರಿಗೆ ಪರೀಕ್ಷಾ ಪಟ್ಟಿಯೊಂದನ್ನು ಅದ್ದಿ, ಅದರ ಬಣ್ಣವನ್ನು ಡಬ್ಬಿಯ ಮೇಲಿನ ಬಣ್ಣಗಳೊಂದಿಗೆ ಹೋಲಿಸಿ, ಫಲಿತಾಂಶವನ್ನು ದಾಖಲೆ ಪುಸ್ತಕದಲ್ಲಿ ಬರೆದ ಮೇಲೆಯೇ ರೋಗಿಯನ್ನು ಜೋಡಿಸಬೇಕು. ತಂದೆಯವರ ಡಯಲೈಜರ್ ಮರುಬಳಕೆಯದಾಗಿದ್ದರೆ ಇದು ಇನ್ನೂ ಮುಖ್ಯ, ಏಕೆಂದರೆ ಅದರಲ್ಲಿ ತುಂಬಿಡುವ ಪೆರಾಸಿಟಿಕ್ ಆಮ್ಲವೆಂಬ ಸೋಂಕುನಿವಾರಕ ರಕ್ತ ಹರಿಯುವ ಜಾಗದಲ್ಲೇ ಇರುತ್ತದೆ. ಡಯಲೈಜರಿನ ಮೇಲೆ ಬರೆದ ರೋಗಿಯ ಹೆಸರನ್ನು ಪ್ರತಿ ಬಾರಿ ನೀವೂ ಓದಿಕೊಳ್ಳಿ.

ಹೆಪಟೈಟಿಸ್ ಬಿ, ಸಿ ವೈರಸ್‌ಗಳು ಹರಡುವುದರಲ್ಲಿ ಯಂತ್ರದ ಒಳಗಿಗಿಂತ ಹೊರಮೈಯ ಗುಂಡಿ, ಕುರ್ಚಿಯ ಕೈಹಿಡಿ, ಬದಲಾಯಿಸದ ಕೈಗವಸುಗಳ ಪಾತ್ರವೇ ದೊಡ್ಡದು. ಪ್ರತಿ ರೋಗಿಯ ನಂತರ ಇವನ್ನು ಒರೆಸುತ್ತಾರೆಯೇ ಎಂದು ಗಮನಿಸಿ.

ಬ್ಲೀಚ್ ವಾಸನೆ ಹೀಗೆ ಹೊರಮೈ ಒರೆಸಿದ್ದರಿಂದಲೂ ಬಂದಿರಬಹುದು. ಮತ್ತೆ ಬಂದರೆ, ಸೂಜಿ ಹಾಕುವ ಮೊದಲೇ, “ಸಿಸ್ಟರ್, ಪಟ್ಟಿ ಪರೀಕ್ಷೆ ಆಯಿತೇ?” ಎಂದು ಕೇಳಿ. ಡಯಾಲಿಸಿಸ್ ನಡೆಯುವಾಗ ತಂದೆಯವರಿಗೆ ಚಳಿ, ಬೆನ್ನುನೋವು, ಎದೆ ಬಿಗಿತ ಕಾಣಿಸಿದರೆ ಆ ಕ್ಷಣವೇ ಸಿಬ್ಬಂದಿಗೆ ತಿಳಿಸಿ.