ಬುಟ್ಟಿ ತುಂಬುತ್ತಿದೆಯೋ, ಖಾಲಿಯಾಗುತ್ತಿದೆಯೋ?

ನಿಮ್ಮ ಪ್ರಶ್ನೆ ಇದು: "ಫೋಟೋದಲ್ಲಿರುವ ನಾಯಿ, ಮನುಷ್ಯ, ಬಸ್ಸುಗಳನ್ನು ಕಂಪ್ಯೂಟರ್ ಗುರುತಿಸುವುದು ಅರ್ಥವಾಗುತ್ತದೆ. ವಿಡಿಯೋ ಎಂದರೆ ಫೋಟೋಗಳ ಸಾಲು ತಾನೇ? ಒಂದೊಂದೇ ಫ್ರೇಮ್ ನೋಡಿದರೆ ಏನು ನಡೆಯುತ್ತಿದೆ ಎಂದು ತಿಳಿಯಲು ಸಾಲದೇ? ಇದನ್ನು ಕಲಿಯಲು ಎಲ್ಲಿಂದ ತೊಡಗಬೇಕು?"

ಸಾಲದು. ಏಕೆಂಬುದನ್ನು ನಮ್ಮ ಮನೆಯಂಗಳದ ಒಂದು ಚಿತ್ರವನ್ನಿಟ್ಟುಕೊಂಡು ಹೇಳುತ್ತೇನೆ.

ನಾವು ಕಾಸರಗೋಡಿನ ಬದಿಯಡ್ಕದ ಕಡೆಯವರು. ಚಳಿ ಶುರುವಾದರೆ ಮಳೆಗಾಲ ಹತ್ತಿರವಾಗುವವರೆಗೆ ನಮ್ಮ ಅಂಗಳದಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಎಲ್ಲ ಅಡಿಕೆ. ಹಣ್ಣಡಿಕೆ ಒಣಗಿ ಚಾಲಿಯಾಗಬೇಕಾದರೆ ಸುಮಾರು 40 ದಿನಗಳ ಬಿಸಿಲು ಬೇಕು. ನಡುವೆ ಚೆನ್ನಾಗಿ ಒಮ್ಮೆ ನೆನೆಯಿತೋ, ಬೂಸ್ಟು ಹಿಡಿದು ಧಾರಣೆ ಇಳಿಯಿತೆಂದೇ ಲೆಕ್ಕ. ನಾನು ಮನೆಯಲ್ಲೇ ಕುಳಿತು ಸಾಫ್ಟ್‌ವೇರ್ ಕೆಲಸ ಮಾಡುವವನು. ಎರಡು ವರ್ಷದ ಹಿಂದೆ ಮಾಡಿನ ಅಂಚಿಗೆ ಒಂದು ಕ್ಯಾಮೆರಾ ಕಟ್ಟಿದೆ. ಎಲ್ಲರೂ ತೋಟದಲ್ಲಿರುವಾಗ ಮಳೆಯ ಲಕ್ಷಣ ಕಂಡರೆ, ಮಂಗಗಳೋ ಮನುಷ್ಯರೋ ಅಂಗಳಕ್ಕಿಳಿದರೆ ಮೊಬೈಲ್ ಕೂಗಬೇಕು ಎಂಬಷ್ಟೇ ಆಸೆ.

ಆ ಕ್ಯಾಮೆರಾದ ಒಂದು ಫ್ರೇಮನ್ನು ಬೇರೆ ತೆಗೆದಿಟ್ಟಿದ್ದೇನೆ. ಅಂಗಳದ ಮೂಲೆಯಲ್ಲಿ ಅಮ್ಮ ಬಗ್ಗಿದ್ದಾಳೆ. ಮುಂದೆ ಬುಟ್ಟಿ, ಬುಟ್ಟಿಯಲ್ಲಿ ಅರ್ಧಕ್ಕೆ ಅಡಿಕೆ, ಅಡಿಕೆಯೊಳಗೆ ಅವಳ ಎರಡೂ ಕೈ. ಮನೆಗೆ ಬಂದ ನೆಂಟರಿಗೆಲ್ಲ ತೋರಿಸಿ ಕೇಳಿದ್ದೇನೆ: ಅಮ್ಮ ಅಡಿಕೆ ಹರಡುತ್ತಿದ್ದಾಳೋ, ಒಟ್ಟುಮಾಡುತ್ತಿದ್ದಾಳೋ? ಒಬ್ಬರಿಗೂ ಖಚಿತವಾಗಿ ಹೇಳಲು ಆಗಲಿಲ್ಲ. ಹರಡುತ್ತಿದ್ದರೆ ಬಿಸಿಲು ಬಂತೆಂದು ಅರ್ಥ, ಒಟ್ಟುಮಾಡುತ್ತಿದ್ದರೆ ಮಳೆ ಬರುತ್ತಿದೆಯೆಂದು. ಚಿತ್ರ ಒಂದೇ, ಸುದ್ದಿ ಪೂರ್ತಿ ಉಲ್ಟಾ. ಮುಂದಿನ ಐದಾರು ಫ್ರೇಮ್ ನೋಡಿದರೆ ಮಗುವಿಗೂ ತಿಳಿಯುತ್ತದೆ. ಆ ತಿಳಿವು ಅವುಗಳಲ್ಲಿ ಯಾವ ಒಂದು ಫ್ರೇಮಿನೊಳಗೂ ಇಲ್ಲ, ಯಾವುದರ ನಂತರ ಯಾವುದು ಬಂತು ಎಂಬುದರಲ್ಲಿದೆ.

ಇದನ್ನೇ ಪರೀಕ್ಷಿಸಲೆಂದು ಮಾಡಿದ ವಿಡಿಯೋ ಸಂಗ್ರಹವೊಂದಿದೆ, ಹೆಸರು ಸಮ್‌ಥಿಂಗ್-ಸಮ್‌ಥಿಂಗ್. ಅದರಲ್ಲಿ 174 ಬಗೆಯ ಸಣ್ಣ ಕೆಲಸಗಳು: ಒಳಗೆ ಹಾಕುವುದು, ಹೊರಗೆ ತೆಗೆಯುವುದು, ಹಾಕಿದಂತೆ ನಟಿಸುವುದು. ಇಂಥ ವಿಡಿಯೋ ಒಂದನ್ನು ಹಿಂದುಮುಂದಾಗಿ ಓಡಿಸಿದರೆ ಎಷ್ಟೋ ಸಲ ಅದು ಬೇರೆಯೇ ಕೆಲಸವಾಗಿಬಿಡುತ್ತದೆ.

ಹಾಗೆಂದು ನಿಮ್ಮ ಊಹೆಯನ್ನು ತಳ್ಳಿಹಾಕುವಂತೆಯೂ ಇಲ್ಲ. 2014ರಲ್ಲಿ ಆಕ್ಸ್‌ಫರ್ಡಿನ ಕರೆನ್ ಸಿಮೊನ್ಯಾನ್ ಮತ್ತು ಆಂಡ್ರ್ಯೂ ಜಿಸ್ಸರ್‌ಮನ್ ಎರಡು ನರಜಾಲಗಳನ್ನು, ಎಂದರೆ ಉದಾಹರಣೆಗಳನ್ನು ನೋಡಿ ತಾವೇ ಕಲಿಯುವ ಪ್ರೋಗ್ರಾಂಗಳನ್ನು, ಜೋಡಿಸಿದರು. ಒಂದಕ್ಕೆ ಕೊಡುವುದು ಬಿಡಿ ಫ್ರೇಮ್ ಮಾತ್ರ, ಇನ್ನೊಂದಕ್ಕೆ ಕೊಡುವುದು ಚಲನೆ ಮಾತ್ರ. 101 ಬಗೆಯ ಚಟುವಟಿಕೆಗಳಿರುವ ಯುಸಿಎಫ್-101 ಸಂಗ್ರಹದಲ್ಲಿ ಬಿಡಿ ಫ್ರೇಮ್ ನೋಡಿದ ಜಾಲವೇ ನೂರಕ್ಕೆ ಸುಮಾರು 73ನ್ನು ಸರಿಯಾಗಿ ಹೇಳಿತು. ಎರಡೂ ಸೇರಿದಾಗ ಅದು 88ಕ್ಕೆ ಏರಿತು. ಚಲನೆಯನ್ನೇ ನೋಡದೆ 73 ಬಂದದ್ದು ಹೇಗೆ? ನೀರು ಕಂಡರೆ ಈಜು, ಪಿಚ್ ಕಂಡರೆ ಬೌಲಿಂಗ್. ಚೆಂಡೆ, ಕಿರೀಟ ಕಂಡವನು ಯಕ್ಷಗಾನ ಎಂದು ಹೇಳಿಬಿಡಬಹುದು. ಆದರೆ ರಂಗದಲ್ಲಿ ನಡೆಯುತ್ತಿರುವುದು ಒಡ್ಡೋಲಗವೋ (ಪಾತ್ರಗಳ ಮೊದಲ ಪ್ರವೇಶ) ಯುದ್ಧವೋ ಎಂದು ಕೇಳಿದರೆ ತಡಬಡಾಯಿಸುತ್ತಾನೆ. ಜಾಗ ನೋಡಿ ಊಹಿಸುವ ಈ ಚಾಳಿಯಿಂದ ಇಂಥ ಜಾಲಗಳಿಂದ ಕಟ್ಟಿದ ಇಂದಿನ ದೊಡ್ಡ ಮಾದರಿಗಳೂ (ಮಾಡೆಲ್) ಪೂರ್ತಿ ಬಿಡಿಸಿಕೊಂಡಿಲ್ಲ ಎಂಬುದು ನನ್ನ ಅನುಭವ.

ಈಗ ಚಲನೆಯನ್ನು ಹಿಡಿಯುವ ಬಗೆ. ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ: ಈಗಿನ ಫ್ರೇಮಿನಿಂದ ಹಿಂದಿನದನ್ನು ಕಳೆದೆ, ಉಳಿದದ್ದೇ ಚಲನೆ ಎಂದುಕೊಂಡೆ. 1920ಕ್ಕೆ 1080 ಬಿಂದುಗಳ (ಪಿಕ್ಸೆಲ್) ಚಿತ್ರ, ಬಿಂದುವಿಗೆ ಮೂರು ಬಣ್ಣ, ಸೆಕೆಂಡಿಗೆ 30 ಫ್ರೇಮ್ ಎಂದರೆ ಸೆಕೆಂಡಿಗೆ ಹದಿನೆಂಟೂವರೆ ಕೋಟಿಗೂ ಹೆಚ್ಚು ಸಂಖ್ಯೆಗಳು. ಅಷ್ಟನ್ನೂ ಕಳೆದು ನನ್ನ ಪ್ರೋಗ್ರಾಂ ಕಂಡುಹಿಡಿದದ್ದು ಅಡಿಕೆ ಮರದ ನೆರಳು ಅಲ್ಲಾಡುತ್ತದೆ ಎಂಬ ಸಂಗತಿಯನ್ನು. ಮೊದಲ ದಿನ ಮಧ್ಯಾಹ್ನದೊಳಗೆ ಮೊಬೈಲ್ ಕೂಗಿ ಕೂಗಿ ಬ್ಯಾಟರಿ ಮುಗಿಯಿತು. "ನಿನ್ನ ಯಂತ್ರಕ್ಕೆ ಗಾಳಿಯೆಂದರೆ ಹೆದರಿಕೆಯೇ?" ಎಂದಳು ಅಮ್ಮ.

ಇದಕ್ಕೆ ಮದ್ದು 1999ರಲ್ಲೇ ಸಿದ್ಧವಾಗಿತ್ತು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಕ್ರಿಸ್ ಸ್ಟಾಫರ್ ಮತ್ತು ಎರಿಕ್ ಗ್ರಿಮ್ಸನ್ ಪ್ರತಿಯೊಂದು ಬಿಂದುವಿಗೂ ಒಂದಕ್ಕಿಂತ ಹೆಚ್ಚು "ಸಹಜ" ಬಣ್ಣಗಳಿರಬಹುದೆಂದು ಲೆಕ್ಕ ಹಾಕಿದರು. ಅಂಗಳದ ಈ ಬಿಂದು ಒಮ್ಮೆ ಬಿಸಿಲು, ಒಮ್ಮೆ ನೆರಳು. ಎರಡೂ ಅದಕ್ಕೆ ಮಾಮೂಲು, ಮೂರನೆಯದೇನಾದರೂ ಬಂದರೆ ಮಾತ್ರ ಹೊಸತು. ಓಪನ್‌ಸಿವಿ ಎಂಬ, ಚಿತ್ರ-ವಿಡಿಯೋ ಕೆಲಸಗಳ ತಯಾರು ಕೋಡ್ ಸಂಗ್ರಹದಲ್ಲಿ ಇದರ ಸುಧಾರಿತ ರೂಪ ಪುಕ್ಕಟೆಯಾಗಿ ಸಿಗುತ್ತದೆ. ಇದನ್ನು ಹಾಕಿದ ಮೇಲೆ ಗಾಳಿಯ ಕಾಟ ತಪ್ಪಿತು, ನಾಯಿಯ ಕಾಟ ಶುರುವಾಯಿತು. ನಮ್ಮ ನಾಯಿ ಅಂಗಳದ ಬದಿಯಲ್ಲಿ ಮಲಗಿ ಅರ್ಧ ಗಂಟೆ ಕಳೆದರೆ ಈ ಲೆಕ್ಕದ ಪ್ರಕಾರ ಅದೂ ನೆಲವೇ. ಅದು ಎದ್ದು ಹೋದಾಗ ಬರಿದಾದ ನೆಲವೇ ಯಾರೋ ಬಂದಂತೆ ಕಂಡು, ಇಲ್ಲದ ನಾಯಿಗಾಗಿ ಮೊಬೈಲ್ ಕೂಗುತ್ತದೆ. ಎಷ್ಟು ಹೊತ್ತು ಅಲ್ಲಾಡದಿದ್ದರೆ ಒಂದು ವಸ್ತು ಹಿನ್ನೆಲೆಯಾಗಬೇಕು? ಅಡಿಕೆ ಗೋಣಿಗೆ ಒಂದು ಉತ್ತರ, ನಾಯಿಗೆ ಇನ್ನೊಂದು. ಗಣಿತ ಇದನ್ನು ಹೇಳಿಕೊಡುವುದಿಲ್ಲ, ನೀವೇ ಆರಿಸಬೇಕು.

ರಾತ್ರಿ ಇನ್ನೊಂದು ತಮಾಷೆ. ನಮ್ಮ ಕರೆಂಟು 50 ಹರ್ಟ್ಸ್‌ನದು, ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಕ್ಯಾಮೆರಾ 30 ಫ್ರೇಮ್ ತೆಗೆಯುತ್ತಿತ್ತು. 100ನ್ನು 30 ಸರಿಯಾಗಿ ಭಾಗಿಸುವುದಿಲ್ಲವಲ್ಲ, ಹಾಗಾಗಿ ಅಂಗಳದ ತುಂಬ ಮಸುಕು ಪಟ್ಟಿಗಳು ತೇಲುತ್ತಿದ್ದವು. 25ಕ್ಕೆ ಇಳಿಸಿದ ಮೇಲೆ ತೇಲುವುದು ನಿಂತಿತು. ಇದಕ್ಕಾಗಿ ನಾನು ಎರಡು ರಾತ್ರಿ ನಿದ್ದೆಗೆಟ್ಟಿದ್ದೇನೆ, ನೀವು ಕೆಡಬೇಡಿ.

ಯಾವುದೋ ಬದಲಾಯಿತು ಎಂಬುದರಿಂದ ಯಾವ ಕಡೆಗೆ ಚಲಿಸಿತು ಎಂಬುದಕ್ಕೆ ಹೋಗಲು ಆಪ್ಟಿಕಲ್ ಫ್ಲೋ ಬೇಕು. ಪ್ರತಿ ಬಿಂದುವೂ ಮುಂದಿನ ಫ್ರೇಮಿನಲ್ಲಿ ಎಲ್ಲಿಗೆ ಸರಿಯಿತು ಎಂಬ ಬಾಣಗಳ ನಕ್ಷೆ ಅದು. ಹಾರ್ನ್ ಮತ್ತು ಶುಂಕ್, ಲ್ಯೂಕಸ್ ಮತ್ತು ಕನಾಡೆ ಎಂಬ ಎರಡು ಜೋಡಿಗಳ ದಾರಿ ಪ್ರಕಟವಾದದ್ದು ಒಂದೇ ವರ್ಷ, 1981ರಲ್ಲಿ. ಇದರೊಳಗೆ ಒಂದು ಸೊಗಸಾದ ತೊಡಕಿದೆ. ಕುಂಬಳೆ ಪೇಟೆಯಲ್ಲಿ ಅಂಗಡಿ ಬಾಗಿಲ ಸಣ್ಣ ತೂತಿನಿಂದ ನೋಡುತ್ತಿದ್ದೀರಿ ಎಂದುಕೊಳ್ಳಿ. ಮಂಗಳೂರು ಬಸ್ಸಿನ ಮೈಮೇಲಿನ ಉದ್ದ ಪಟ್ಟೆಯಷ್ಟೇ ನಿಮಗೆ ಕಾಣುತ್ತಿದೆ. ಬಸ್ಸು ನಿಂತಿದೆಯೋ, ಮುಂದೆ ಹೋಗುತ್ತಿದೆಯೋ, ಹಿಂದೆ ಬರುತ್ತಿದೆಯೋ? ಹೇಳಲಾಗದು. ಪಟ್ಟೆಯ ತುದಿಯೋ ಕಿಟಕಿಯ ಮೂಲೆಯೋ ಕಾಣಬೇಕು. ಕಂಪ್ಯೂಟರಿನ ಪ್ರತಿ ಬಿಂದುವೂ ಅಂಥದ್ದೇ ತೂತು. ಅದಕ್ಕೆ ಅಕ್ಕಪಕ್ಕದವರನ್ನು ಕೇಳದೆ ಗತಿಯಿಲ್ಲ. ಜೊತೆಗೆ, ವಸ್ತು ಸರಿದರೂ ಅದರ ಹೊಳಪು ಬದಲಾಗುವುದಿಲ್ಲ ಎಂದು ಈ ಲೆಕ್ಕಗಳು ನಂಬಿಕೊಂಡಿವೆ. ಮೋಡದ ನೆರಳು ಹಾದುಹೋದಾಗ ನಮ್ಮ ಅಡಿಕೆಯೆಲ್ಲ ಪಶ್ಚಿಮದಿಂದ ಪೂರ್ವಕ್ಕೆ ಹರಿದಂತೆ ಬಾಣಗಳು ಬಂದದ್ದು ಅದಕ್ಕೇ.

ವಸ್ತುವನ್ನು ಗುರುತಿಸಿ ಬೆನ್ನುಹತ್ತುವುದು ಮುಂದಿನ ಹಂತ. ಈಗ ಎಲ್ಲಿದೆ, ಯಾವ ವೇಗದಲ್ಲಿದೆ ಎಂಬುದರಿಂದ ಮುಂದೆ ಎಲ್ಲಿರಬಹುದೆಂದು ಊಹಿಸುವುದು, ಕಂಡದ್ದರ ಜೊತೆ ತಾಳೆ ನೋಡುವುದು. 1960ರ ಕಾಲ್ಮನ್ ಫಿಲ್ಟರ್ ಇಂದಿಗೂ ಈ ಕೆಲಸಕ್ಕೆ ಒದಗುತ್ತದೆ. ತೆಂಗಿನ ಮರದ ಹಿಂದೆ ಎರಡು ಮಂಗ ಹೋಗಿ ಎರಡು ಮಂಗ ಹೊರಬಂದರೆ ಯಾವುದು ಯಾವುದೆಂದು ಅದು ಅದಲುಬದಲು ಮಾಡಿಕೊಳ್ಳುತ್ತದೆ. ನಮಗೆ ಅದರಿಂದ ನಷ್ಟವೇನಿಲ್ಲ.

ಕಾಲದ ವಿಷಯಕ್ಕೆ ಮರಳುತ್ತೇನೆ, ಹೆಚ್ಚಿನವರು ಎಡವುವುದು ಅಲ್ಲಿ. ಭಾವನ ಬಳಿ ರಾತ್ರಿಯಿಡೀ ನಡೆದ ಯಕ್ಷಗಾನ ಆಟಗಳ ವಿಡಿಯೋಗಳ ರಾಶಿಯೇ ಇದೆ. "ಇದರಲ್ಲಿ ದಿಗಿಣ ಇರುವ ಭಾಗಗಳನ್ನು ಮಾತ್ರ ಕತ್ತರಿಸಿ ಕೊಡು" ಎಂದ. ದಿಗಿಣ ಎಂದರೆ ಹಾರಿ ಹಾರಿ ಸುತ್ತು ತಿರುಗುವ ಕುಣಿತ. ಏಳೆಂಟು ಗಂಟೆಯ ವಿಡಿಯೋದ ಎಲ್ಲ ಫ್ರೇಮುಗಳನ್ನೂ ದೊಡ್ಡ ಮಾದರಿಗೆ ಉಣಿಸುವುದು ದುಬಾರಿ, ಆದ್ದರಿಂದ ಸೆಕೆಂಡಿಗೆ ಒಂದೆರಡು ಫ್ರೇಮ್ ಹೆಕ್ಕಿ ಕೊಡುವುದು ರೂಢಿ. ಹಾಗೆ ಕೊಟ್ಟೆ. ತೆಂಕುತಿಟ್ಟಿನ (ಯಕ್ಷಗಾನದ ದಕ್ಷಿಣದ ಶೈಲಿ) ಪುಂಡುವೇಷಧಾರಿ, ಚುರುಕಿನ ತರುಣನ ಪಾತ್ರದವನು, ರಂಗದ ಸುತ್ತ ಗಿರಗಿರನೆ ಹಾರಿ ತಿರುಗುತ್ತಿದ್ದಾನೆ, ಮಾದರಿ ಹೇಳುತ್ತದೆ: "ಒಬ್ಬ ಕಲಾವಿದ ವೇದಿಕೆಯ ಮೇಲೆ ನಿಂತಿದ್ದಾನೆ." ಸುಳ್ಳೂ ಅಲ್ಲ, ಅದಕ್ಕೆ ಸಿಕ್ಕ ಎರಡು ಕ್ಷಣಗಳಲ್ಲಿ ಅವನ ಮುಖ ಸಭೆಯ ಕಡೆಗಿತ್ತು. ಸೆಕೆಂಡಿಗೆ 12ಕ್ಕೆ ಏರಿಸಿದ ಮೇಲೆ ದಿಗಿಣ ಕಣ್ಣಿಗೆ ಬಿತ್ತು.

ಕೀಲುಗಳನ್ನು ಗುರುತಿಸಿ ಅಸ್ಥಿಪಂಜರದ ಗೆರೆ ಎಳೆಯುವ ಮಾದರಿಯನ್ನೂ ಹಚ್ಚಿ ನೋಡಿದೆ. ಆ ದಾರಿಗೆ ಒಳ್ಳೆಯ ಹಿನ್ನೆಲೆಯಿದೆ. 1973ರಲ್ಲಿ ಸ್ವೀಡನ್ನಿನ ಗುನ್ನಾರ್ ಜೊಹಾನ್ಸನ್ ಕತ್ತಲಲ್ಲಿ ಜನರ ಕೀಲುಗಳಿಗೆ ಬೆಳಕಿನ ಚುಕ್ಕೆಗಳನ್ನು ಕಟ್ಟಿ ಚಿತ್ರಿಸಿದರು. ನಿಂತಾಗ ಅವು ಅರ್ಥವಿಲ್ಲದ ಚುಕ್ಕೆಗಳು, ನಡೆದ ಕೂಡಲೇ ನೋಡಿದವರಿಗೆಲ್ಲ ಮನುಷ್ಯ ಕಂಡ. ಆದರೆ ನಮ್ಮ ವೇಷಧಾರಿಯ ಕೀಲುಗಳು ಎಲ್ಲಿ ಕಾಣುತ್ತವೆ? ಮಾದರಿ ಹೆಗಲನ್ನು ಭುಜಕೀರ್ತಿಯ ತುದಿಗೆ ಕೊಂಡೊಯ್ದು ಇಟ್ಟಿತು, ಕಿರೀಟದ ನಡುವಿಗೆ ಮೂಗು. ನಾನು ನಕ್ಕೆ, ಭಾವ ನಗಲಿಲ್ಲ.

ಎಲ್ಲಿಂದ ತೊಡಗಬೇಕೆಂಬ ನಿಮ್ಮ ಕೊನೆಯ ಮಾತಿಗೆ: ಮೊಬೈಲನ್ನು ಅಲ್ಲಾಡದಂತೆ ಇಟ್ಟು ನಿಮ್ಮದೇ ಅಂಗಳವನ್ನೋ ಬೀದಿಯನ್ನೋ ಹತ್ತು ನಿಮಿಷ ಚಿತ್ರಿಸಿ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಮತ್ತು ಓಪನ್‌ಸಿವಿ ಬಳಸಿ ಮೊದಲು ಫ್ರೇಮ್ ಕಳೆಯಿರಿ, ಆಮೇಲೆ ಹಿನ್ನೆಲೆಯ ಲೆಕ್ಕ, ಆಮೇಲೆ ಆಪ್ಟಿಕಲ್ ಫ್ಲೋ. ತಯಾರಾಗಿ ಸಿಗುವ ದೊಡ್ಡ ಮಾದರಿಗಳನ್ನು ಮುಟ್ಟುವ ಮೊದಲು ಕಾಗದದಲ್ಲಿ ಪ್ರತಿ ಘಟನೆ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ನೀವೇ ಬರೆಯಿರಿ. ಮನೆಯ ಇನ್ನೊಬ್ಬರಿಂದಲೂ ಬರೆಸಿ.

ನಾನು ಬೇಸಗೆ ಮಳೆಯ ಒಂದು ವಿಡಿಯೋಕ್ಕೆ ಹಾಗೆ ಮಾಡಿಸಿದೆ. "ಮಳೆ ಬಂತು" ಎಂದು ನಾನು ಗುರುತು ಹಾಕಿದ್ದು ನೆಲದ ಮೇಲೆ ಮೊದಲ ಹನಿಯ ಕಲೆ ಕಂಡಲ್ಲಿ. ಅಮ್ಮ ಹಾಕಿಸಿದ್ದು ಅದಕ್ಕಿಂತ ಏಳು ನಿಮಿಷ ಮೊದಲು. ಅಲ್ಲಿ ಏನೂ ಇಲ್ಲವಲ್ಲ ಎಂದೆ. "ಅಡಿಕೆಯ ಮೇಲಿನ ಬೆಳಕು ಹೋಯಿತಲ್ಲ, ಕಾಣುವುದಿಲ್ಲವೇ?" ಎಂದಳು. ಆ ಜಾಗವನ್ನು ನಾಲ್ಕೈದು ಸಲ ಓಡಿಸಿ ನೋಡಿದೆ. ಅಂಗಳದಲ್ಲಿ ಅಡಿಕೆ ಮರಗಳ ನೆರಳು ಇನ್ನೂ ಇತ್ತು, ಆದರೆ ಅದರ ಅಂಚು ಚೂಪು ಕಳೆದುಕೊಂಡು ಮೆಲ್ಲನೆ ಕರಗುತ್ತಿತ್ತು. ಅದನ್ನು ಅಳೆಯುವುದು ಸುಲಭ, ಹತ್ತಿಪ್ಪತ್ತು ಸಾಲಿನ ಕೋಡ್ ಸಾಕು. ಈಗ ನನ್ನ ಪ್ರೋಗ್ರಾಂ ನೋಡುವುದು ಅದನ್ನೇ: ಎರಡು ನಿಮಿಷ ಬಿಡದೆ ನೆರಳಿನ ಅಂಚು ಮಸುಕಾಗುತ್ತ ಹೋದರೆ ಮೊಬೈಲ್ ಕೂಗುತ್ತದೆ. ಮೋಡ ಮಳೆ ಸುರಿಸದೆ ಹಾಗೆಯೇ ದಾಟಿಹೋದ ದಿನ ಅದು ಸುಮ್ಮನೆ ಕೂಗಿರುತ್ತದೆ. ಆ ದಿನ ಅಮ್ಮನೂ ಅಡಿಕೆಯನ್ನೆಲ್ಲ ಬುಟ್ಟಿಗೆ ತುಂಬಿ ಮತ್ತೆ ಹರಡಿರುತ್ತಾಳೆ.