ಬಿಸಿಲು ಇಳಿದ ಮೇಲೂ ನೀರು ಹನಿಯಬೇಕೆಂದರೆ

ಪ್ರಶ್ನೆ: ನಮ್ಮ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ತಾರಸಿ ಮೇಲೆ ಗಾಜು ಮುಚ್ಚಿದ ಪೆಟ್ಟಿಗೆ ಇಟ್ಟು, ಬಿಸಿಲಿನಲ್ಲೇ ನೀರು ಬಟ್ಟಿ ಇಳಿಸುತ್ತಿದ್ದೇವೆ. ಸಂಜೆ ಹನಿ ನಿಂತುಬಿಡುತ್ತದೆ. ಒಳಗೆ ಮೇಣ ಇಟ್ಟರೆ ರಾತ್ರಿಯೂ ನೀರು ಬರುತ್ತದಂತೆ, ನಿಜವೇ ಸರ್?
– ಓದುಗರೊಬ್ಬರು, ಪಾವಗಡ

ಉತ್ತರ: ನಿಜ. ಸಾಮಾನ್ಯ ಪ್ಯಾರಫಿನ್ ಮೇಣ 50–60 ಡಿಗ್ರಿಯಲ್ಲಿ ಕರಗುತ್ತದೆ. ಕರಗುವಾಗ ಕೆ.ಜಿ.ಗೆ ಸುಮಾರು 200 ಕಿಲೋಜೌಲ್ ಶಾಖ ಹಿಡಿದಿಟ್ಟುಕೊಂಡು, ಸಂಜೆ ಗಟ್ಟಿಯಾಗುತ್ತಾ ನೀರಿಗೆ ವಾಪಸ್ ಕೊಡುತ್ತದೆ. ಅಷ್ಟೊತ್ತಿಗೆ ಗಾಜೂ ತಣ್ಣಗಾಗಿರುವುದರಿಂದ ಹಬೆ ಬೇಗ ಹನಿಗಟ್ಟುತ್ತದೆ.

ಆದರೆ ದುಡ್ಡು ಹಾಕುವ ಮುಂಚೆ ಲೆಕ್ಕ ನೋಡಿ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,300 ಕಿಲೋಜೌಲ್ ಬೇಕು. ಅಂದರೆ ರಾತ್ರಿಯ ಒಂದು ಲೀಟರಿಗೆ ಹತ್ತು ಕೆ.ಜಿ.ಗೂ ಜಾಸ್ತಿ ಮೇಣ! ಅದನ್ನು ಕರಗಿಸುವುದೂ ಹಗಲಿನ ಅದೇ ಬಿಸಿಲು ತಾನೇ?

ಹಾಗಾಗಿ ನನ್ನ ಸಲಹೆ, ಮೊದಲು ಪೆಟ್ಟಿಗೆಯನ್ನೇ ಸರಿಮಾಡಿ. ನೀರು ಎರಡು ಸೆಂಟಿಮೀಟರ್ ದಾಟದಿರಲಿ. ಗಾಜಿನ ಅಂಚಿನಲ್ಲಿ ಹಬೆ ಸೋರದಂತೆ ಸಿಲಿಕೋನ್ ಹಚ್ಚಿ. ತಳದ ಕೆಳಗೆ ಶಾಖ ಸೋರದಂತೆ ಗ್ಲಾಸ್‌ವುಲ್ (ಗಾಜಿನ ಎಳೆಗಳ ಹತ್ತಿಯಂಥ ಹಾಸು) ಹಾಕಿ. ನಮ್ಮ ತಾರಸಿಯ ಪೆಟ್ಟಿಗೆಯಲ್ಲಿ ತೊಳೆದ ಕಪ್ಪು ಜಲ್ಲಿ ಹರಡಿದ್ದೇನೆ, ಕತ್ತಲಾದ ಮೇಲೂ ಸ್ವಲ್ಪ ಹೊತ್ತು ಹನಿ ಬೀಳುತ್ತದೆ. ಚದರ ಮೀಟರಿಗೆ ದಿನಕ್ಕೆ ಎರಡರಿಂದ ನಾಲ್ಕು ಲೀಟರ್ ಸಿಕ್ಕರೆ ನಿಮ್ಮ ಪೆಟ್ಟಿಗೆ ಚೆನ್ನಾಗಿದೆ ಎಂದೇ ಅರ್ಥ.

ಆಮೇಲೂ ಮೇಣ ಬೇಕೆನಿಸಿದರೆ ಸಣ್ಣ ಅಲ್ಯೂಮಿನಿಯಂ ಕೊಳವೆಗಳಲ್ಲಿ ತುಂಬಿಸಿ. ಮೇಣದೊಳಗೆ ಶಾಖ ನಿಧಾನಕ್ಕೆ ಹರಿಯುತ್ತದೆ, ದಪ್ಪ ಡಬ್ಬದಲ್ಲಿಟ್ಟರೆ ನಡುಭಾಗ ಕರಗುವುದೇ ಇಲ್ಲ. ಕರಗಿದಾಗ ಅದು ಹಿಗ್ಗುತ್ತದೆ, ಮೇಲೆ ಸ್ವಲ್ಪ ಜಾಗ ಬಿಟ್ಟು ಬಾಯಿ ಭದ್ರಪಡಿಸಿ. ಇನ್ನು, ಫ್ಲೋರೈಡ್ ತಳದ ನೀರಿನಲ್ಲೇ ಉಳಿಯುತ್ತದೆ. ಆ ನೀರನ್ನು ಆಗಾಗ ಬದಲಾಯಿಸಿ, ದನಕರುಗಳಿಗೂ ಕುಡಿಸಬೇಡಿ.